ಒಬ್ಬನೇ ನಡೆಸುವ ಅಚ್ಚಿನ ಕೆಲಸ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹತ್ತನೇ ತರಗತಿಯ ಮಕ್ಕಳು ಮತ್ತು ಹಳೆಯ ವಿದ್ಯಾರ್ಥಿಗಳ ಎದುರು ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಬಿಇ ಓದಿದವರು, ಸಾಫ್ಟ್‌ವೇರ್ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಎಂದರು. ಸಾಫ್ಟ್‌ವೇರ್ ಬಗ್ಗೆ ಹೇಳುವವರು ಇಂದು ಮನೆಗೊಬ್ಬರು ಸಿಗುತ್ತಾರೆ. ಅದರ ಬದಲು ಡಿಸೈನ್ ಮತ್ತು ಪ್ರಿಂಟಿಂಗ್ ಕೆಲಸವನ್ನು ಒಬ್ಬನೇ ಹೇಗೆ ನಡೆಸುವುದು ಎಂದು ಹೇಳುತ್ತೇನೆ ಎಂದು ಒಪ್ಪಿಸಿದೆ. ಬೆಂಗಳೂರಿನಲ್ಲಿ ಎಂಟು ವರ್ಷ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೆ. ಈಗಲೂ ತಿಂಗಳಲ್ಲಿ ಕೆಲವು ದಿನ ಗುತ್ತಿಗೆಯ ಮೇಲೆ ಆ ಕೆಲಸ ಮಾಡುತ್ತೇನೆ. ಉಳಿದ ದಿನಗಳಲ್ಲಿ ಮಳವಳ್ಳಿಯ ಒಂದು ಬಾಡಿಗೆ ಕೋಣೆಯಲ್ಲಿ ಕುಳಿತು ಜನರಿಗೆ ಬೇಕಾದ್ದನ್ನು ವಿನ್ಯಾಸ ಮಾಡಿ ಅಚ್ಚು ಹಾಕಿಸಿ ಕೊಡುತ್ತೇನೆ.

ಏನೇನು ಮಾಡುತ್ತೇನೆ ಎಂದರೆ, ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಜಾತ್ರೆಯ ಕರಪತ್ರ, ಅಂಗಡಿಯ ಬಿಲ್ ಬುಕ್, ಬೆಲ್ಲದ ಪ್ಯಾಕೆಟ್ಟಿನ ಲೇಬಲ್, ಶಾಲೆಯ ಗುರುತಿನ ಚೀಟಿ, ಕಬಡ್ಡಿ ತಂಡದ ಟೀ ಶರ್ಟು, ಹುಟ್ಟುಹಬ್ಬಕ್ಕೆ ಫೋಟೋ ಹಾಕಿದ ಕಪ್ಪು. ಆರ್ಡರ್ ಬರೆದುಕೊಳ್ಳುವವನು, ಡಿಸೈನ್ ಮಾಡುವವನು, ಕರಡು ತಿದ್ದುವವನು, ಪಾರ್ಸೆಲ್ ಕಟ್ಟುವವನು, ಕಸ ಗುಡಿಸುವವನು, ಎಲ್ಲ ನಾನೇ.

ನಮ್ಮ ಊರಿನ ವಿದ್ಯುದಾಗಾರ ನಿಮಗೆಲ್ಲ ಗೊತ್ತು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ ಶುರುವಾದ ಆ ಕೆಲಸ 1902ರಲ್ಲಿ ಮುಗಿಯಿತು. ಇಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೂ ಹೋಯಿತು. ಈ ಶಾಲೆಯಲ್ಲಿ ಓದಿದ ನಾವು ಎಷ್ಟೋ ಜನ ಆ ತಂತಿಯ ದಾರಿಯನ್ನೇ ಹಿಡಿದು ಹೋದೆವು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಊರಿನ ಹತ್ತಿರವೇ ಇದ್ದು ಗೌರವದಿಂದ ಬದುಕಬಹುದಾದ ಕೆಲಸಗಳೂ ಇವೆ, ಅವುಗಳ ಲೆಕ್ಕಾಚಾರವನ್ನೂ ಮಕ್ಕಳು ತಿಳಿದಿರಬೇಕು ಎಂಬುದು ನನ್ನ ಆಸೆ.

ಮೊದಲು ಸ್ವಲ್ಪ ಚರಿತ್ರೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅದನ್ನು ಮಂಗಳೂರಿನಲ್ಲಿ ಹೊರತಂದರು. ಅದನ್ನು ಅಚ್ಚು ಹಾಕುತ್ತಿದ್ದುದು ಕಲ್ಲಿನ ಮೇಲೆ. ಆಮೇಲೆ ಸೀಸದ ಮೊಳೆಗಳ ಕಾಲ ಬಂತು. ಒಂದೊಂದು ಅಕ್ಷರಕ್ಕೂ ಒಂದೊಂದು ಮೊಳೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಮೊಳೆಗಳ ಖಾನೆಯೇ ಒಂದು ಗೋಡೆಯಷ್ಟು ಆಗುತ್ತಿತ್ತು. ಮೊಳೆ ಜೋಡಿಸಲು ಒಬ್ಬರು, ಯಂತ್ರ ತುಳಿಯಲು ಒಬ್ಬರು, ಕರಡು ತಿದ್ದಲು ಒಬ್ಬರು ಬೇಕಾಗಿತ್ತು.

ಅಂಥ ಕಾಲದಲ್ಲೂ ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಂಡವರು ಇದ್ದರು. ಗಳಗನಾಥರು ತಾವು ಬರೆದ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಮುದ್ರಣದಲ್ಲೇ ಕೆಲವು ವರ್ಷ ಪ್ರಯೋಗ ಮಾಡಿ ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿದರು. ಅದರಲ್ಲಿ ಅವರಿಗೆ ನಷ್ಟವಾಯಿತು. ಕಾರಂತರಂಥ ಬುದ್ಧಿವಂತರಿಗೇ ನಷ್ಟವಾದ ಕಸುಬು ಇದು. ಕಲೆ ಗೊತ್ತಿದ್ದರೆ ಸಾಲದು, ಲೆಕ್ಕವೂ ಗೊತ್ತಿರಬೇಕು. ಅದಕ್ಕೇ ಮೊದಲು ಲೆಕ್ಕಕ್ಕೆ ಬರುತ್ತೇನೆ.

ಹತ್ತನೇ ತರಗತಿಯವರು ಎರಡು ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ಕಲಿಯುತ್ತೀರಿ. "ಇದು ಎಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್?" ಎಂದು ನಾವೂ ಕೇಳುತ್ತಿದ್ದೆವು. ನನಗೆ ವಾರಕ್ಕೆ ನಾಲ್ಕು ಸಲ ಉಪಯೋಗಕ್ಕೆ ಬರುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಪ್ಲೇಟು ಮಾಡಬೇಕು. ಪೂರ್ಣ ಬಣ್ಣ ಬೇಕೆಂದರೆ ನಾಲ್ಕು ಪ್ಲೇಟು. ಹತ್ತು ಪ್ರತಿ ತೆಗೆದರೂ ಪ್ಲೇಟಿನ ಖರ್ಚು ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ಡಿಜಿಟಲ್ ಮುದ್ರಣದಲ್ಲಿ ಪ್ಲೇಟು ಇಲ್ಲ, ಆದರೆ ಪ್ರತಿಯೊಂದು ಹಾಳೆಗೆ ಖರ್ಚು ಹೆಚ್ಚು. ದರ ಊರಿಂದ ಊರಿಗೆ ಬೇರೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಆಫ್‌ಸೆಟ್‌ಗೆ ಶುರುವಿನ ಖರ್ಚು 3,000 ರೂಪಾಯಿ, ಆಮೇಲೆ ಪ್ರತಿಗೆ 2 ರೂಪಾಯಿ. ಡಿಜಿಟಲ್‌ಗೆ ಶುರುವಿನ ಖರ್ಚಿಲ್ಲ, ಪ್ರತಿಗೆ 12 ರೂಪಾಯಿ. ಎರಡು ಗೆರೆ ಎಳೆದರೆ ಅವು ಕೂಡುವುದು 300 ಪ್ರತಿಯಲ್ಲಿ. ಅಲ್ಲಿ ಎರಡಕ್ಕೂ 3,600 ರೂಪಾಯಿ. ನೂರು ಕಾರ್ಡು ಬೇಕಾದವರನ್ನು ಆಫ್‌ಸೆಟ್‌ಗೆ ಕಳಿಸಿದರೆ ಅವರಿಗೆ ನಷ್ಟ. ಸಾವಿರ ಬೇಕಾದವರಿಗೆ ಡಿಜಿಟಲ್ ಮಾಡಿಸಿದರೂ ನಷ್ಟ. ಈ ಗೆರೆಗಳು ಎಲ್ಲಿ ಕೂಡುತ್ತವೆ ಎಂದು ಗಿರಾಕಿಗೆ ನಿಜ ಹೇಳಿದರೆ ಅವರು ಮತ್ತೆ ಬರುತ್ತಾರೆ.

ಇದರಿಂದಲೇ ಇನ್ನೊಂದು ತೀರ್ಮಾನವೂ ಸಿಗುತ್ತದೆ. ಒಬ್ಬನೇ ಇರುವವನು ದೊಡ್ಡ ಯಂತ್ರವನ್ನು ಸಾಲ ಮಾಡಿ ತರಬಾರದು. ಆಫ್‌ಸೆಟ್ ಕೆಲಸವನ್ನು ನಾನು ಮೈಸೂರಿಗೆ ಕಳಿಸುತ್ತೇನೆ. ಫೈಲು ಇಂಟರ್‌ನೆಟ್‌ನಲ್ಲಿ ಹೋಗುತ್ತದೆ, ಕಟ್ಟು ಬಸ್ಸಿನಲ್ಲಿ ಬರುತ್ತದೆ. ನನ್ನ ಕೋಣೆಯಲ್ಲಿರುವುದು ಒಂದು ಕಂಪ್ಯೂಟರು, ಒಂದು ಇಂಕ್‌ಜೆಟ್ ಪ್ರಿಂಟರು, ಒಂದು ಹೀಟ್ ಪ್ರೆಸ್, ಕಾಗದ ಕತ್ತರಿಸುವ ಸಣ್ಣ ಯಂತ್ರ, ಲ್ಯಾಮಿನೇಷನ್ ಯಂತ್ರ. ಇಷ್ಟೇ. ಇವು ಒಂದು ವಾರ ಸುಮ್ಮನೆ ಕುಳಿತರೂ ನನ್ನ ನಿದ್ದೆ ಕೆಡುವುದಿಲ್ಲ.

ಇನ್ನು ನನ್ನ ಸಮಯದ ಬೆಲೆ. ನಮ್ಮ ಕಡೆಯ ಗಿರಾಕಿಗಳ ಮಾತು ನಿಮಗೆ ಗೊತ್ತು. "ಅಣ್ಣೋ, ಕಂಪ್ಯೂಟ್ರು ತಾನೇ ಮಾಡಾದು, ನಿಂದೇನೈತೆ? ಕಾಗ್ದದ ದುಡ್ ತಕೋ." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ ಎಂದರೆ 200 ಗಂಟೆ. ಅದರಲ್ಲಿ ಅರ್ಧ ಫೋನಿಗೆ, ಓಡಾಟಕ್ಕೆ, ಬಾಕಿ ಕೇಳುವುದಕ್ಕೆ ಹೋಗುತ್ತದೆ. ದುಡ್ಡು ತರುವ ಗಂಟೆ ನೂರು. ಮನೆಗೆ 25,000 ಬೇಕು. ಬಾಡಿಗೆ, ಕರೆಂಟು, ಇಂಟರ್‌ನೆಟ್, ಯಂತ್ರದ ಸವೆತಕ್ಕೆ 10,000 ಬೇಕು ಎಂದುಕೊಳ್ಳಿ. ಒಟ್ಟು 35,000ವನ್ನು ನೂರರಿಂದ ಭಾಗಿಸಿದರೆ ಗಂಟೆಗೆ 350 ರೂಪಾಯಿ. ಎರಡು ಗಂಟೆ ಕೂತು ಮಾಡಿದ ಲಗ್ನಪತ್ರಿಕೆಯ ಡಿಸೈನ್‌ಗೆ ಕಾಗದ ಮುಟ್ಟುವ ಮೊದಲೇ 700 ರೂಪಾಯಿ ಆಯಿತು. ಅದನ್ನು 200ಕ್ಕೆ ಮಾಡಿಕೊಟ್ಟರೆ ಉಳಿದ 500 ನನ್ನ ಮನೆಯವರ ಜೇಬಿನಿಂದ ಹೋಗುತ್ತದೆ. ಈ ಲೆಕ್ಕವನ್ನು ಗಿರಾಕಿಯ ಎದುರು ಚೀಟಿಯ ಮೇಲೆ ಬರೆದು ತೋರಿಸುತ್ತೇನೆ. ಚೌಕಾಸಿ ಮಾಡುವವರು ಆಮೇಲೂ ಮಾಡುತ್ತಾರೆ, ಆದರೆ "ನಿಂದೇನೈತೆ" ಎನ್ನುವುದಿಲ್ಲ.

ಕೋಣೆಯ ಗೋಡೆಗೆ ಮೂರು ನಿಯಮ ಅಂಟಿಸಿದ್ದೇನೆ. ಅರ್ಧ ಹಣ ಮುಂಗಡ. ಎರಡು ಸಲ ತಿದ್ದುಪಡಿ ಉಚಿತ, ಮೂರನೆಯದಕ್ಕೆ ದುಡ್ಡು. ಕರಡು ಓದಿ ಸಹಿ ಹಾಕಿದ ಮೇಲೆಯೇ ಅಚ್ಚು. ನೆಂಟರಿಗೂ ಇದೇ, ಪಂಚಾಯಿತಿ ಸದಸ್ಯರಿಗೂ ಇದೇ. ತಿಥಿ ಕಾರ್ಡಿಗೆ ಮಾತ್ರ ಮುಂಗಡ ಕೇಳುವುದಿಲ್ಲ. ಸಾವಿನ ಮನೆಯವರು ದುಡ್ಡಿನ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ, ಅದನ್ನು ರಾತ್ರಿ ಕೂತಾದರೂ ಮುಗಿಸಿ ಕೊಡಬೇಕು.

ಈಗ ಕನ್ನಡದ ಅಕ್ಷರಗಳ ವಿಷಯ. ನಾನು ಕಲಿತ ಎಂಜಿನಿಯರಿಂಗ್ ಹೆಚ್ಚು ಕೆಲಸಕ್ಕೆ ಬರುವುದು ಇಲ್ಲಿ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಪ್ರಪಂಚದ ಭಾಷೆಗಳಿಗೆಲ್ಲ ಸಂಖ್ಯೆ ಹಂಚಿದ ಯುನಿಕೋಡ್ ಪದ್ಧತಿಯ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಕನ್ನಡ ಅದರಲ್ಲೇ ಇತ್ತು. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಆರು ಸಂಕೇತ: ಸ, ಹಲಂತ, ತ, ಹಲಂತ, ರ, ದೀರ್ಘದ ಗುಣಿತ. ಈ ಆರನ್ನೂ ಸರಿಯಾದ ಜಾಗದಲ್ಲಿ ಕೂರಿಸುವ ಬುದ್ಧಿ ತಂತ್ರಾಂಶಕ್ಕೆ ಇರಬೇಕು. ಹಳೆಯ ಡಿಸೈನ್ ತಂತ್ರಾಂಶಗಳಿಗೆ ಆ ಬುದ್ಧಿ ಇರಲಿಲ್ಲ. ನಮ್ಮ ಊರಿನ ಹೆಸರನ್ನೇ ಕೊಟ್ಟರೆ 'ಶಿವನಸಮುದ್‌ರ' ಎಂದು ಒಡೆದು ಹಾಕುತ್ತಿದ್ದವು. ಹೊಸ ತಂತ್ರಾಂಶ ಬಂದಾಗಲೆಲ್ಲ ನಾನು ಮೊದಲು ಟೈಪ್ ಮಾಡುವುದು ಊರಿನ ಹೆಸರನ್ನೇ. ಅದು ಪಾಸಾದರೆ ಮುಂದಿನ ಪರೀಕ್ಷೆ.

ಈ ತೊಂದರೆಯಿಂದ ಪಾರಾಗಲು ಹಿಂದಿನವರು ಬೇರೆ ದಾರಿ ಕಂಡುಕೊಂಡಿದ್ದರು. ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳನ್ನು ಮಾಡಿದರು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಇವು ಇಲ್ಲದಿದ್ದರೆ ಕರ್ನಾಟಕದ ಡಿಟಿಪಿ ಅಂಗಡಿಗಳು ಕನ್ನಡದಲ್ಲಿ ಇಷ್ಟು ಸುಲಭವಾಗಿ ದುಡಿಯಲು ಆಗುತ್ತಿರಲಿಲ್ಲ. ಅವರೆಲ್ಲರಿಗೂ ನಾವು ಋಣಿಗಳು. ಆದರೆ ಹಳೆಯ ಫಾಂಟಿನ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷಿನ ಕಲಸುಮೇಲೋಗರ ಕಾಣುತ್ತದೆ. ಗಿರಾಕಿ ವಾಟ್ಸಾಪಿನಲ್ಲಿ ಕಳಿಸುವುದು ಯುನಿಕೋಡ್, ಎಷ್ಟೋ ಪ್ರೆಸ್ಸಿನವರು ಕೇಳುವುದು ನುಡಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಒತ್ತಕ್ಷರ ಬೀಳಬಹುದು, ಅರ್ಕಾವತ್ತು ಜಾಗ ಬಿಡಬಹುದು. ಆದ್ದರಿಂದ ಬದಲಿಸಿದ ಮೇಲೆ ಇನ್ನೊಮ್ಮೆ ಓದಲೇಬೇಕು. ಪ್ರೆಸ್ಸಿಗೆ ಕಳಿಸುವಾಗ ಅಕ್ಷರಗಳನ್ನು ಆಕೃತಿಗಳಾಗಿ ಬದಲಿಸಿ ಪಿಡಿಎಫ್ ಮಾಡಿ ಕಳಿಸಿದರೆ ಅಲ್ಲಿ ಯಾವ ಫಾಂಟ್ ಇದ್ದರೂ ಇಲ್ಲದಿದ್ದರೂ ಅಕ್ಷರ ಒಡೆಯುವುದಿಲ್ಲ. 'ನೋಟೋ', 'ಬಾಲೂ ತಮ್ಮ' ಮುಂತಾದ ಮುಕ್ತ ಪರವಾನಗಿಯ ಕನ್ನಡ ಫಾಂಟುಗಳು ಈಗ ಪುಕ್ಕಟೆ ಸಿಗುತ್ತವೆ. ಕದ್ದ ತಂತ್ರಾಂಶ, ಕದ್ದ ಫಾಂಟ್ ಬಳಸದೆಯೂ ಅಂಗಡಿ ನಡೆಸಬಹುದು.

ವಿಜ್ಞಾನದ ಪಾಠವೂ ಇಲ್ಲಿದೆ. ಘನ ವಸ್ತು ದ್ರವವಾಗದೆ ನೇರ ಅನಿಲವಾಗುವುದನ್ನು ಉತ್ಪತನ ಎಂದು ಕಲಿತಿದ್ದೀರಿ. ಉದಾಹರಣೆ ಕರ್ಪೂರ. ಟೀ ಶರ್ಟಿನ ಮೇಲೆ, ಕಪ್ಪಿನ ಮೇಲೆ ಫೋಟೋ ಬರುವುದು ಅದರಿಂದಲೇ. ವಿಶೇಷ ಶಾಯಿಯಲ್ಲಿ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕಾಗದದ ಮೇಲೆ ತೆಗೆದು, ಬಟ್ಟೆಯ ಮೇಲಿಟ್ಟು, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತುತ್ತೇವೆ. ಬಣ್ಣ ಅನಿಲವಾಗಿ ಪಾಲಿಯೆಸ್ಟರ್ ಎಳೆಯೊಳಗೆ ಸೇರಿಕೊಳ್ಳುತ್ತದೆ. ಹತ್ತಿ ಬಟ್ಟೆಯಲ್ಲಿ ಅದು ನಿಲ್ಲುವುದಿಲ್ಲ. ಪಿಂಗಾಣಿ ಕಪ್ಪಿಗೂ ಮೇಲೆ ಪಾಲಿಮರ್ ಲೇಪ ಇರಲೇಬೇಕು. ಹಾಗೆಯೇ ಮೊಬೈಲಿನ ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಮಾಡುತ್ತದೆ. ಕಾಗದದ ಮೇಲೆ ಬೆಳಕಿಲ್ಲ, ಶಾಯಿ ಇದೆ. ಆದ್ದರಿಂದ ಪರದೆಯಲ್ಲಿ ಮಿಂಚುವ ಗಿಳಿಹಸಿರು ಕಾಗದದಲ್ಲಿ ಮಂಕಾಗುತ್ತದೆ. ಫೋಟೋ ಚೊಕ್ಕವಾಗಿ ಬರಬೇಕಾದರೆ ಇಂಚಿಗೆ 300 ಚುಕ್ಕಿ ಬೇಕು. ನಾಲ್ಕು ಇಂಚು, ಆರು ಇಂಚಿನ ಫೋಟೋಗೆ 1,200 ಮತ್ತು 1,800 ಚುಕ್ಕಿ. ಹತ್ತು ಮೊಬೈಲು ದಾಟಿ ಸಣ್ಣದಾಗಿ ಬಂದ ಫೋಟೋದಲ್ಲಿ ಅಷ್ಟು ಇರುವುದಿಲ್ಲ. ಇದನ್ನು ಅಚ್ಚು ಹಾಕುವ ಮೊದಲೇ ಹೇಳಬೇಕು.

ಇಷ್ಟೆಲ್ಲ ಯಂತ್ರದ ಮಾತು. ಇವನ್ನು ಯಾರು ಬೇಕಾದರೂ ಆರು ತಿಂಗಳಲ್ಲಿ ಕಲಿಯಬಹುದು. ಈಗ ಕೃತಕ ಬುದ್ಧಿಮತ್ತೆ ಅರ್ಧ ನಿಮಿಷದಲ್ಲಿ ಚಿತ್ರ ಬರೆದು ಕೊಡುತ್ತದೆ. ಹಾಗಾದರೆ ಜನ ನನ್ನ ಹತ್ತಿರ ಯಾಕೆ ಬರಬೇಕು? ನಾನು ಕಂಡುಕೊಂಡ ಉತ್ತರ ಒಂದೇ. ಕಾಗದದ ಮೇಲೆ ಬೀಳುವ ಮೊದಲು ಅದನ್ನು ಕೊನೆಯ ಸಲ ಓದಿ, 'ಇದು ಸರಿ' ಎಂದು ಹೊಣೆ ಹೊರುವ ಒಬ್ಬ ಮನುಷ್ಯ ಬೇಕು. ಜನ ದುಡ್ಡು ಕೊಡುವುದು ಆ ಹೊಣೆಗೆ.

ಒಂದು ಉದಾಹರಣೆ. ನಮ್ಮ ತಾಲ್ಲೂಕಿನ ಒಂದು ಮಹಿಳಾ ಸಂಘದವರು ಬೆಲ್ಲದ ಪುಡಿಯ ಪ್ಯಾಕೆಟ್ಟಿಗೆ ಲೇಬಲ್ ಮಾಡಿಸಲು ಬಂದರು. ಅವರಿಗೆ ಬೇಕಾಗಿದ್ದುದು ಕಬ್ಬಿನ ಚಿತ್ರ, ದೇವರ ಚಿತ್ರ, ಸಂಘದ ಹೆಸರು. ಆಹಾರದ ಲೇಬಲ್ ಎಂದರೆ ಅಷ್ಟೇ ಅಲ್ಲ. ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಬ್ಯಾಚ್ ಸಂಖ್ಯೆ, ತಯಾರಿಸಿದವರ ವಿಳಾಸ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಸಸ್ಯಾಹಾರದ ಹಸಿರು ಗುರುತು, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕೆಯ ಸಂಖ್ಯೆ, ಇವೆಲ್ಲ ಇರಬೇಕು. ಅವರು ಬರೆದು ತಂದ ಸಂಖ್ಯೆಯಲ್ಲಿ 13 ಅಂಕೆ ಇತ್ತು. ಎಣಿಸಿ ನೋಡಿ ವಾಪಸು ಕಳಿಸಿದೆ. ಮಾರನೆಯ ದಿನ ಪ್ರಮಾಣಪತ್ರವನ್ನೇ ತಂದು ತೋರಿಸಿದರು, ನಡುವಿನ ಒಂದು ಸೊನ್ನೆ ಬಿಟ್ಟುಹೋಗಿತ್ತು. ಐದು ಸಾವಿರ ಲೇಬಲ್ ಹಾಗೇ ಅಚ್ಚಾಗಿದ್ದರೆ ಹದಿನೈದು ಹೆಣ್ಣುಮಕ್ಕಳ ದುಡ್ಡು ಮಣ್ಣುಪಾಲಾಗುತ್ತಿತ್ತು. ಇಂಥದ್ದಕ್ಕೆಂದೇ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದೇನೆ. ದಿನಾಂಕಕ್ಕೂ ವಾರಕ್ಕೂ ತಾಳೆ ಇದೆಯೇ, ಫೋನ್ ನಂಬರಿನಲ್ಲಿ ಹತ್ತು ಅಂಕೆ ಇದೆಯೇ ಎಂದು ಅದು ನೋಡುತ್ತದೆ. ಆದರೆ ಅಜ್ಜನ ಹೆಸರು ಸಿದ್ದೇಗೌಡರೋ ಸಿದ್ದಲಿಂಗೇಗೌಡರೋ, ಬದುಕಿರುವವರ ಹೆಸರಿನ ಹಿಂದೆ 'ದಿವಂಗತ' ಎಂದು ಸೇರಿದೆಯೋ ಎಂದು ಪ್ರೋಗ್ರಾಂಗೆ ಗೊತ್ತಾಗುವುದಿಲ್ಲ. ಅದನ್ನು ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಬೇಕು.

ಹೊಣೆ ಎಂದರೆ ಕೆಲವು ಸಲ 'ಆಗುವುದಿಲ್ಲ' ಎನ್ನುವುದೂ ಸೇರುತ್ತದೆ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳನ್ನು ನಿಷೇಧಿಸಿತು. ಆದರೂ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕೇಳುವವರು ಬರುತ್ತಾರೆ. ನಾನು ಬಟ್ಟೆಯ ಬ್ಯಾನರ್ ಮಾತ್ರ ಮಾಡಿಸಿಕೊಡುತ್ತೇನೆ. ಚುನಾವಣೆಯ ಕರಪತ್ರ ಬಂದರೆ, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಅದರ ಮೇಲೆ ಇರಬೇಕು. ಪ್ರಕಾಶಕರಿಂದ ಇಬ್ಬರು ಸಾಕ್ಷಿಗಳ ಸಹಿ ಇರುವ ಘೋಷಣೆ ಪಡೆಯಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶ ಇದೆ. "ಹೆಸ್ರು ಹಾಕ್ಬೇಡ, ಎರಡು ಪಟ್ಟು ಕೊಡ್ತೀವಿ" ಎಂದವರನ್ನು ಕೈಮುಗಿದು ಕಳಿಸಿದ್ದೇನೆ.

ಇನ್ನೊಂದನ್ನು ಮಕ್ಕಳ ಎದುರು ಹೇಳಲೇಬೇಕು. ಊರು, ಹೆಸರು ಹೇಳುವುದಿಲ್ಲ. ಲಗ್ನಪತ್ರಿಕೆ ಮಾಡುವಾಗ ಹುಡುಗನಿಗೆ 21, ಹುಡುಗಿಗೆ 18 ತುಂಬಿದೆಯೇ ಎಂದು ನಾನು ದಾಖಲೆ ಕೇಳುತ್ತೇನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಕು. ಒಂದು ವರ್ಷ ಮಾಘ ಮಾಸದಲ್ಲಿ ಪರಿಚಯದ ಒಬ್ಬ ಹಿರಿಯರು ಮಗಳ ಮದುವೆಯ ಬರಹ ತಂದರು. ಅಂಕಪಟ್ಟಿ ನೋಡಿದರೆ ಹುಡುಗಿಗೆ 16 ವರ್ಷ. "ಯಜಮಾನ್ರೇ, ಇದು ಆಗಲ್ಲ" ಎಂದೆ. "ಕಾರ್ಡ್ ಹಾಕೋನು ಕಾರ್ಡ್ ಹಾಕು, ಪೊಲೀಸ್ ಕೆಲ್ಸ ಯಾಕಪ್ಪ ನಿಂಗೆ?" ಎಂದು ಎದ್ದು ಹೋದರು. ನಾನು ಸುಮ್ಮನಿದ್ದರೆ ಇನ್ನೊಂದು ಅಂಗಡಿಯಲ್ಲಿ ಕಾರ್ಡು ಆಗುತ್ತಿತ್ತು. ಅಂದು ಸಂಜೆ 1098ಕ್ಕೆ, ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಅಧಿಕಾರಿಗಳು ಮನೆಗೆ ಹೋಗಿ ತಿಳಿಹೇಳಿದರು, ಮದುವೆ ನಿಂತಿತು. ಆ ಮನೆಯವರು, ಅವರ ನೆಂಟರು ಆಮೇಲೆ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಒಬ್ಬನೇ ಇರುವವನಿಗೆ ಒಂದು ದೊಡ್ಡ ಕುಟುಂಬದ ಕೆಲಸ ಹೋದರೆ ಅದು ಸಣ್ಣ ಪೆಟ್ಟಲ್ಲ. ಆ ಹುಡುಗಿ ಪಿಯುಸಿ ಮುಗಿಸಿದಳು ಎಂದು ತಿಳಿಯಿತು. ಅವಳ ಲಗ್ನಪತ್ರಿಕೆ ಮುಂದೆ ಯಾರ ಅಂಗಡಿಯಲ್ಲಾದರೂ ಆಗಲಿ, ಅವಳು ಒಪ್ಪಿದ ದಿನ ಆಗಲಿ. ಇಲ್ಲಿ ಕುಳಿತಿರುವ ಹೆಣ್ಣುಮಕ್ಕಳು ಆ ನಾಲ್ಕು ಅಂಕೆಗಳನ್ನು ನೆನಪಿಟ್ಟುಕೊಳ್ಳಿ: 1098.

ಈ ಕೆಲಸದಲ್ಲಿ ಕಷ್ಟವೂ ಇದೆ. ನನಗೆ ಜ್ವರ ಬಂದರೆ ಅಂಗಡಿಗೂ ಜ್ವರ. ಮದುವೆಯ ಕಾಲದಲ್ಲಿ ಊಟಕ್ಕೆ ಬಿಡುವಿಲ್ಲ, ಆಷಾಢದಲ್ಲಿ ಕೈ ಖಾಲಿ. ಆದ್ದರಿಂದ ಜೂನ್, ಜುಲೈಗೆಂದು ಶಾಲೆಗಳ ಗುರುತಿನ ಚೀಟಿ, ಸಂಘಗಳ ಲೆಕ್ಕದ ಪುಸ್ತಕಗಳ ಕೆಲಸ ಹುಡುಕಿಕೊಳ್ಳುತ್ತೇನೆ. ಬೆಂಗಳೂರಿನ ಸಂಬಳ ಇಲ್ಲಿ ಬರುವುದಿಲ್ಲ. ಬೆಂಗಳೂರಿನ ಬಾಡಿಗೆಯೂ ಇಲ್ಲ. ಅಪ್ಪ ಅಮ್ಮನ ಜೊತೆ ರಾತ್ರಿ ಊಟ ಮಾಡುತ್ತೇನೆ.

ಈ ದಾರಿ ಹಿಡಿಯಬೇಕೆನ್ನುವ ಮಕ್ಕಳಿಗೆ ಮೂರು ಮಾತು. ಮೊದಲನೆಯದು, ಕನ್ನಡವನ್ನು ತಪ್ಪಿಲ್ಲದೆ ಬರೆಯಲು ಇಲ್ಲೇ, ಈ ಶಾಲೆಯಲ್ಲೇ ಕಲಿಯಿರಿ. ಅಲ್ಪಪ್ರಾಣ, ಮಹಾಪ್ರಾಣಕ್ಕಾಗಿ ನಮ್ಮ ಕನ್ನಡ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಂದು ನಾನು ಅದರಿಂದಲೇ ಅನ್ನ ತಿನ್ನುತ್ತಿದ್ದೇನೆ. ಎರಡನೆಯದು, ಸಾಲ ಮಾಡಿ ಯಂತ್ರ ತರುವ ಮೊದಲು ಒಂದು ವರ್ಷ ಬೇರೆಯವರ ಪ್ರೆಸ್ಸಿನಲ್ಲಿ ಕೆಲಸ ಮಾಡಿ. ಸಣ್ಣ ಉದ್ಯಮಕ್ಕೆ ಸರ್ಕಾರದ ಉದ್ಯಮ್ ನೋಂದಣಿ ಪುಕ್ಕಟೆ, ಅದಕ್ಕೆ ದುಡ್ಡು ಕೇಳುವವರನ್ನು ನಂಬಬೇಡಿ. ಮೂರನೆಯದು, ನಿಮ್ಮ ಗಂಟೆಯ ಬೆಲೆ ನಿಮಗೆ ಗೊತ್ತಿರಲಿ, ನಿಮ್ಮ ಹೆಸರಿನ ಬೆಲೆ ಅದಕ್ಕಿಂತ ಹೆಚ್ಚು ಎಂಬುದೂ ಗೊತ್ತಿರಲಿ. ನಾನು ಅಚ್ಚು ಹಾಕಿಸಿದ ಪ್ರತಿ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಅಂಗಡಿಯ ಹೆಸರು, ಫೋನ್ ನಂಬರು ಇರುತ್ತದೆ. ಏನಾದರೂ ಸರಿಯಿಲ್ಲದಿದ್ದರೆ ಕೇಳಲು ಯಾರ ಹತ್ತಿರ ಬರಬೇಕೆಂದು ಜನರಿಗೆ ಗೊತ್ತಿರಬೇಕು.

ಐವತ್ತು ವರ್ಷಗಳಿಂದ ಈ ಶಾಲೆ ನಮ್ಮಂಥ ರೈತರ, ಕೂಲಿಯವರ, ನೌಕರರ ಮಕ್ಕಳಿಗೆ ಅಕ್ಷರ ಕೊಟ್ಟಿದೆ. ಆ ಅಕ್ಷರ ಕೊಟ್ಟ ಎಲ್ಲ ಗುರುಗಳ ಪಾದಗಳಿಗೆ ನಮಸ್ಕರಿಸುತ್ತೇನೆ. ಬೇಸಿಗೆ ರಜೆಯಲ್ಲಿ ಈ ಕೆಲಸ ನೋಡಬೇಕೆನ್ನುವ ಮಕ್ಕಳು ಮನೆಯವರಿಗೆ ಹೇಳಿ, ಒಪ್ಪಿಗೆ ಪಡೆದು ಮಳವಳ್ಳಿಗೆ ಬನ್ನಿ. ಕುರ್ಚಿ ಒಂದೇ ಇದೆ, ಚಾಪೆ ಹಾಕೋಣ.